ಮನೆಗೆ ಒಪ್ಪುವ ಕೈತೋಟ

ಮನೆಯನ್ನು ಕಟ್ಟಿಸತಕ್ಕ ಗೃಹಸ್ಥನು ಆಯವನ್ನು ಕೇಳುತ್ತಾನೆ. ತೊಲೆಗೆ ಒಪ್ಪುವ ಮರವನ್ನು ಒಂದೆರಡು ವರ್ಷ ಮೊದಲೇ ಕಡಿಸಿ ಒಣಗಲು ಹಾಕುತ್ತಾನೆ. ಬಾಗಿಲುವಾಡದ ಕೆತ್ತನೆಗೆ ಒಳ್ಳೆಯ ಬಡಗಿಯನ್ನು ದೂರದಿಂದ ಕರೆಸುತ್ತಾನೆ. ಇಷ್ಟೆಲ್ಲ ವಿಚಾರ ಮಾಡಿದವನೇ ಗೋಡೆಯ ಹೊರಗಿರುವ ಹತ್ತು ಮಾರು ನೆಲವನ್ನು ಕುರಿತು ಒಂದು ಗಳಿಗೆಯೂ ಯೋಚಿಸುವುದಿಲ್ಲ. ಗೃಹಪ್ರವೇಶವಾದ ಮೇಲೆ ಯಾರೋ ತಂದುಕೊಟ್ಟ ಸಸಿಯನ್ನು ಯಾವುದೋ ಮೂಲೆಯಲ್ಲಿ ನೆಡುತ್ತಾರೆ. ಇಪ್ಪತ್ತು ವರ್ಷಗಳಾಗುವಷ್ಟರಲ್ಲಿ ಅದರ ಬೇರು ತಳಪಾಯವನ್ನು ಎತ್ತುತ್ತದೆ. ಇಲ್ಲವೆ ಅದರ ಎಲೆ ಮಾಳಿಗೆಯ ದೋಣಿಯನ್ನು ಕಟ್ಟಿ ಮಳೆಯ ನೀರು ನಡುಮನೆಗೆ ಇಳಿಯುತ್ತದೆ. ಆಗ ಮರವನ್ನು ಕಡಿಸುತ್ತಾರೆ. ತಪ್ಪು ಮರದ್ದಲ್ಲ.

ಈ ಮಾತು ಎಲ್ಲ ಸೀಮೆಗೂ ಸಲ್ಲತಕ್ಕದ್ದಾದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ವಿಶೇಷವಾಗಿ ಸಲ್ಲುತ್ತದೆ. ೨೦೨೧ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಯ ಬಹುಭಾಗ ಈ ಐದು ತಾಲ್ಲೂಕುಗಳಿಂದಲೇ ಆಗಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸಾಮಾನ್ಯವಾಗಿ ೫೦೦ರಿಂದ ೬೫೦ ಮಿಲಿಮೀಟರಿನೊಳಗೆ; ಅದರಲ್ಲಿಯೂ ದೊಡ್ಡ ಪಾಲು ಹುಬ್ಬೆ, ಉತ್ತರೆ, ಹಸ್ತ ಮಳೆಗಳಲ್ಲಿ ಬಂದುಹೋಗುತ್ತದೆ. ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಗರಿಬೊಮ್ಮನಹಳ್ಳಿಯ ಕೆಲವು ಊರುಗಳಿಗೆ ಜಲಾಶಯದ ಹಿನ್ನೀರು ಸಮೀಪವಾಗಿದೆ. ಉಳಿದ ಊರುಗಳಿಗೆ ಕೆರೆ, ಬಾವಿ, ಕೊಳವೆಬಾವಿಗಳೇ ಗತಿ. ಚೈತ್ರ ವೈಶಾಖಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುತ್ತದೆ. ಆದುದರಿಂದ ಈ ಸೀಮೆಯಲ್ಲಿ ಮನೆಯ ಸುತ್ತ ಗಿಡ ಬೆಳೆಸುವುದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಕುಡಿಯುವ ನೀರು, ಗೋಡೆಯ ಭದ್ರತೆ, ಬೇಸಗೆಯ ಮಧ್ಯಾಹ್ನದಲ್ಲಿ ಮುದುಕರೂ ಮಕ್ಕಳೂ ಮಲಗತಕ್ಕ ಪಡಸಾಲೆಯ ತಂಪು, ಈ ಮೂರೂ ಅದರೊಡನೆ ಸೇರಿಕೊಂಡಿವೆ.

ಮನೆಗೂ ತೋಟಕ್ಕೂ ಸಂಬಂಧ ಕಲ್ಪಿಸುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಕೋಟೆಯ ಮೊದಲ ಸುತ್ತುಗಳ ನಡುವೆ ಹೊಲಗಳೂ ತೋಟಗಳೂ ಮನೆಗಳೂ ಕೂಡಿಕೊಂಡೇ ಇದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಜನರಿಗೆ ಗುಲಾಬಿಯ ಹೂವು ಅನ್ನದಷ್ಟೇ ಅವಶ್ಯವೆಂದು ಅವನಿಗೆ ತೋರಿತು. ೧೫೨೦ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಬೆಟ್ಟವೊಂದರ ಮೇಲಿನಿಂದ ಪಟ್ಟಣವನ್ನು ನೋಡಿ, ಮನೆಮನೆಯ ತೋಟಗಳ ಮರಗಳನ್ನೂ ಅವುಗಳ ನಡುವೆ ಹರಿಯುವ ಕಾಲುವೆಗಳನ್ನೂ ವಿಶೇಷವಾಗಿ ಹೇಳಿದ್ದಾನೆ. ಹಡಗಲಿಯ ಹೂವು ತುಂಗಭದ್ರೆಯ ಮೇಲೆ ಹಂಪಿಯ ದೇವಾಲಯಗಳಿಗೆ ಹೋಗುತ್ತಿತ್ತೆಂದೂ, ಅದರಿಂದಲೇ ಆ ಊರು ಹೂವಿನ ಹಡಗಲಿ ಎನಿಸಿಕೊಂಡಿತೆಂದೂ ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಆದರೆ ಆ ಪಟ್ಟಣದ ತೋಟಗಳ ಹಿಂದೆ ನದಿಯೂ ಅಣೆಕಟ್ಟುಗಳೂ ಕಾಲುವೆಗಳೂ ಇದ್ದವೆಂಬುದನ್ನು ಮರೆಯತಕ್ಕದ್ದಲ್ಲ. ಬಸವಣ್ಣ ಕಾಲುವೆ, ತುರ್ತು ಕಾಲುವೆಗಳ ನೀರು ಹಂಪಿಯ ಕಡೆಯ ಗದ್ದೆಗಳಿಗೆ ಈಗಲೂ ಹರಿಯುತ್ತದೆ. ಕೂಡ್ಲಿಗಿಯ ಮಸಾರಿ ನೆಲದಲ್ಲಿ ಮನೆ ಕಟ್ಟಿದವನಿಗೆ ಅಂಥ ಕಾಲುವೆಯಿಲ್ಲ. ಅವನ ಪಾಲಿನ ಕಾಲುವೆ ಅವನ ಮಾಳಿಗೆ, ಅವನ ಬಚ್ಚಲು. ಅವೆರಡರ ನೀರು ಎಲ್ಲಿ ಬೀಳುವುದೋ ಅಲ್ಲಿಂದ ತೋಟದ ವಿನ್ಯಾಸವನ್ನು ಆರಂಭಿಸತಕ್ಕದ್ದು.

ಈ ಸಂಗತಿಯನ್ನು ಅಲಕ್ಷ್ಯಮಾಡಿ ಈಚಿನ ವರ್ಷಗಳಲ್ಲಿ ಒಂದು ಹೊಸ ವಾಡಿಕೆ ಬಂದಿದೆ. ರಸ್ತೆಯ ಬದಿಯ ಹೊಲಗಳಲ್ಲಿ ಕಾಂಕ್ರೀಟಿನ ದೊಡ್ಡ ಮನೆಗಳನ್ನು ಕಟ್ಟಿಸಿದವರು ಬೆಂಗಳೂರಿನಲ್ಲಿ ಕಂಡಂತೆ ಮುಂದುಗಡೆ ಹುಲ್ಲುಹಾಸನ್ನು ಹಾಸಿಸಿ, ಅದರ ಅಂಚಿಗೆ ಬಾಟಲಿ ತಾಳೆಯ ಗಿಡಗಳನ್ನು ಪಹರೆಯವರಂತೆ ಸಾಲಾಗಿ ನಿಲ್ಲಿಸುತ್ತಾರೆ. ನೋಡುವುದಕ್ಕೆ ಎರಡು ವರ್ಷ ಚೆನ್ನಾಗಿರುತ್ತದೆ. ಇದರ ಲೆಕ್ಕವನ್ನು ಮಾಡಿ ನೋಡಬೇಕು. ಬೇಸಗೆಯಲ್ಲಿ ಹುಲ್ಲುಹಾಸಿನ ಒಂದು ಚದರ ಮೀಟರಿಗೆ ದಿನಕ್ಕೆ ೫ರಿಂದ ೬ ಲೀಟರ್ ನೀರು ಬೇಕು. ೧,೦೦೦ ಚದರ ಅಡಿಯ ಹುಲ್ಲಿಗೆ ದಿನಕ್ಕೆ ಸುಮಾರು ೫೦೦ ಲೀಟರಾಯಿತು. ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಗ್ರಾಮವಾಸಿಯೊಬ್ಬನಿಗೆ ಗೊತ್ತುಮಾಡಿದ ಪ್ರಮಾಣ ದಿನಕ್ಕೆ ೫೫ ಲೀಟರ್. ಐದು ಜನರ ಕುಟುಂಬಕ್ಕೆ ೨೭೫ ಲೀಟರ್. ಎಂದರೆ ಒಬ್ಬರ ಅಂಗಳದ ಹುಲ್ಲು ಹೆಚ್ಚುಕಡಿಮೆ ಎರಡು ಕುಟುಂಬಗಳ ನೀರನ್ನು ಕುಡಿಯುತ್ತದೆ. ಅದನ್ನು ದನವೂ ಮೇಯುವಂತಿಲ್ಲ! ಊರಿಗೆ ಹಿರಿಯರೆನಿಸಿಕೊಂಡವರ ಮನೆಯ ಮುಂದೆ ಕಂಡದ್ದನ್ನೇ ಊರವರು ಅನುಸರಿಸುವರಾದುದರಿಂದ, ಗ್ರಾಮಪ್ರಮುಖರು ಈ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆಯಿಂದ ಇರುವುದು ಯುಕ್ತ.

ಈ ಸೀಮೆಯ ಹಳೆಯ ಮಾಳಿಗೆಯ ಮನೆಯನ್ನು ಗಮನವಿಟ್ಟು ನೋಡಿದರೆ ತೋಟಕ್ಕೆ ಎಲ್ಲಿ ಸ್ಥಳ, ಎಲ್ಲಿ ಅಲ್ಲ ಎಂಬುದನ್ನು ಅದೇ ತಿಳಿಸುತ್ತದೆ. ಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆ, ಕಂಬ, ಬೋದಿಗೆ, ತೊಲೆ. ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪುಕಡ್ಡಿಗಳ ಹಾಸು, ಮೇಲೆ ಮಣ್ಣು, ಕೊನೆಗೆ ನೀರು ಹಿಡಿಯದ ಚೌಳುಮಣ್ಣಿನ ಪದರ. ಸುತ್ತ ಮೊಳದೆತ್ತರದ ಕುಂಬಿ. ಕುಂಬಿಯಲ್ಲಿ ಅಲ್ಲಲ್ಲಿ ನೀರು ಹೊರಬೀಳುವ ದೋಣಿ. ಮುಂದುಗಡೆ ಬೀದಿಗೆ ತಾಗಿದ ಕಟ್ಟೆ, ಹಿಂದುಗಡೆ ಬಚ್ಚಲು, ಅದರಾಚೆ ಹಿತ್ತಲು. ಬೀದಿಯ ಕಡೆಗೆ ಅಂಗಳವನ್ನು ಬಿಡದೆ ಕಟ್ಟೆಯನ್ನಷ್ಟೇ ಇಟ್ಟು, ಹಸುರನ್ನೆಲ್ಲ ಹಿತ್ತಲಿಗೆ ಒಯ್ದವರು ಕುರುಡು ಸಂಪ್ರದಾಯದಿಂದ ಹಾಗೆ ಮಾಡಲಿಲ್ಲ. ಬೀದಿಯಲ್ಲಿ ಆಡು, ಎಮ್ಮೆ, ಬಂಡಿ, ಹಿತ್ತಲಲ್ಲಿ ನೀರು. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಕೊಟ್ಟೂರಿನ ಕಡೆ ವಾಡಿಕೆಯಲ್ಲುಂಟು. ಈ ಸೀಮೆಯ ಮನೆ ಉಜ್ಜಿನಿಯ ಜಾತಿಯದು. ಅದರ ಸೊಗಸು ಒಳಗೂ ಹಿಂದೂ ಇರತಕ್ಕದ್ದು.

ಮೊದಲು ಗೋಡೆಯ ಬುಡ. ದೀರ್ಘಕಾಲ ಮಳೆ ಹಿಡಿದ ವರ್ಷಗಳಲ್ಲಿ ಮಣ್ಣಿನ ಮನೆಗಳು ಕುಸಿದು ಜನರೂ ದನಗಳೂ ಸಾಯುವ ವರ್ತಮಾನವನ್ನು ಕೇಳದ ತಾಲ್ಲೂಕಿಲ್ಲ. ಗೋಡೆ ಸಾಮಾನ್ಯವಾಗಿ ಮೇಲಿನಿಂದ ಬೀಳುವುದಿಲ್ಲ. ಬುಡವು ನೆನೆದು ಮೆತ್ತಗಾಗಿ, ಮೇಲಿನ ಭಾರವನ್ನು ತಾಳಲಾರದೆ ಕುಳಿತುಬಿಡುತ್ತದೆ. ಇಂಥ ಗೋಡೆಯ ಬುಡಕ್ಕೇ ಹೂವಿನ ಪಾತಿಯನ್ನು ಮಾಡಿ ದಿನವೂ ನೀರೆರೆಯುವುದು ಮನೆಗೆ ತಾನೇ ಗುದ್ದಲಿ ಹಾಕಿದಂತೆ. ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಗಿಡವೇ ಇಲ್ಲದಂತೆ ಬಿಟ್ಟು, ಅಲ್ಲಿ ಗರಸನ್ನು ಬಡಿದೋ ಕಲ್ಲುಚಪ್ಪಡಿಯನ್ನು ಹಾಸಿಯೋ ಹೊರಮುಖವಾಗಿ ಮೂರು ಅಂಗುಲ ಇಳಿಜಾರು ಕೊಡಬೇಕು. ಕೂಡ್ಲಿಗಿ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಬೂದುಬಣ್ಣದ ಆ ಚಪ್ಪಡಿಯ ಅಂಚು ಮಣ್ಣಿನ ಗೋಡೆಗೂ ಸುಣ್ಣದ ಗೋಡೆಗೂ ಸಮಾನವಾಗಿ ಒಪ್ಪುತ್ತದೆ. ಸಿಮೆಂಟಿನ ಬಣ್ಣದ ಬಿಲ್ಲೆಗಳು ಹಾಗೆ ಒಪ್ಪುವುದಿಲ್ಲ.

ಎರೆ ನೆಲದಲ್ಲಿ ಮನೆ ಕಟ್ಟಿದವರು ಇನ್ನೂ ಜಾಗರೂಕರಾಗಿರಬೇಕು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಮನೆಯ ಒಂದು ಮಗ್ಗುಲಿನಲ್ಲಿ ಮಾತ್ರ ದಿನವೂ ನೀರು ನಿಂತು, ಇನ್ನೊಂದು ಮಗ್ಗುಲು ಒಣಗಿದ್ದರೆ, ತಳಪಾಯವು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ. ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಕಾಂಕ್ರೀಟಿನ ಮನೆಯಾದರೂ ಇದರಿಂದ ತಪ್ಪಿಸಿಕೊಳ್ಳಲಾರದು. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಎರೆಯ ಊರುಗಳಲ್ಲಿ ನೀರು ಬೇಡುವ ಗಿಡಗಳನ್ನು ಗೋಡೆಯಿಂದ ೧೫ ಅಡಿಯಾದರೂ ದೂರವಿಡುವುದು ಲೇಸು. ಮಸಾರಿಯಲ್ಲಿ ಈ ಭಯ ಕಡಮೆ. ಆದರೆ ಅಲ್ಲಿ ಎರೆದ ನೀರು ಒಡನೆಯೇ ಇಂಗಿಹೋಗುವುದರಿಂದ ಗುಣಿಗೆ ಕೆರೆಗೋಡನ್ನೂ ಕೊಟ್ಟಿಗೆ ಗೊಬ್ಬರವನ್ನೂ ಧಾರಾಳವಾಗಿ ತುಂಬದೆ ಗಿಡ ನೆಟ್ಟರೆ ಶ್ರಮ ವ್ಯರ್ಥ.

ಎರಡನೆಯದು ನೆರಳು. ಈ ಸೀಮೆಯು ಸುಮಾರು ೧೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ತಿಂಗಳ ಕೊನೆಯ ವೇಳೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಬಿಸಿಲನ್ನು ತಡೆಯುವುದು ಮಾಳಿಗೆಯ ಮಣ್ಣಿನ ಕೆಲಸ, ಮರದಿಂದ ಆಗತಕ್ಕದ್ದಲ್ಲ. ಮರವು ತಡೆಯಬಲ್ಲದ್ದು ಮೂರು ಗಂಟೆಯ ನಂತರ ಪಶ್ಚಿಮದ ಗೋಡೆಗೆ ಅಡ್ಡಲಾಗಿ ಬಡಿಯುವ ಬಿಸಿಲನ್ನು. ಆ ಗೋಡೆ ಸಂಜೆಯವರೆಗೆ ಕಾದು, ರಾತ್ರಿಯೆಲ್ಲ ಒಳಗಿನವರ ಮೇಲೆ ಶಾಖವನ್ನು ಕಾರುತ್ತದೆ. ಗೋಡೆಯಿಂದ ೨೦ ಅಡಿ ದೂರದಲ್ಲಿ, ನೇರ ಪಶ್ಚಿಮಕ್ಕೆ ಕೊಂಚ ವಾಯವ್ಯಕ್ಕೆ ಸರಿದಂತೆ ನಿಂತ ೨೫ ಅಡಿ ಎತ್ತರದ ಬೇವು, ಬೇಸಗೆಯಲ್ಲಿ ಮೂರು ಗಂಟೆಯ ಸುಮಾರಿಗೆ ಗೋಡೆಯ ಕೆಳಗಿನ ನಾಲ್ಕು ಅಡಿಗೂ, ನಾಲ್ಕು ಗಂಟೆಯ ಸುಮಾರಿಗೆ ೧೨ ಅಡಿಯ ಇಡೀ ಗೋಡೆಗೂ ನೆರಳು ಕೊಡುತ್ತದೆ. ಇಷ್ಟು ಸಾಕು. ಇನ್ನೂ ಹತ್ತಿರಕ್ಕೆ ತಂದರೆ ಕೊಂಬೆ ಕುಂಬಿಯ ಮೇಲೆ ಚಾಚಿ, ಎಲೆಯು ದೋಣಿಯನ್ನು ಕಟ್ಟುತ್ತದೆ. ಮಾಳಿಗೆಯ ಮೇಲೆ ನೀರು ನಿಂತರೆ ಮುಂದೆ ಆಗತಕ್ಕದ್ದನ್ನು ವಿವರಿಸಬೇಕಾಗಿಲ್ಲ.

ಪಶ್ಚಿಮಕ್ಕೆ ಹೊಂಗೆಯೂ ಬೇವಿನಷ್ಟೇ ಶ್ರೇಷ್ಠ. ಬಿಸಿಲು ಏರುವುದಕ್ಕೆ ಮೊದಲು ಹಳೆಯ ಎಲೆಯನ್ನು ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಸರಿಯಾಗಿ ದಟ್ಟವಾಗಿ ಚಿಗುರುವ ಗುಣ ಅದಕ್ಕುಂಟು. ಆಷಾಢದ ಗಾಳಿ ಬೀಸುವುದೂ ನೈರುತ್ಯ ಪಶ್ಚಿಮಗಳಿಂದಲೇ ಆದುದರಿಂದ ಅದೇ ಮರಗಳು ಧೂಳನ್ನೂ ತಡೆಯುತ್ತವೆ. ದಕ್ಷಿಣದ ಕಡೆ ದಟ್ಟವಾದ ಮರ ಬೇಡ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ಆ ಗೋಡೆಗೆ ಬೀಳುವ ಬಿಸಿಲು ಹಿತಕರ, ಕಾಳು ಒಣಗಿಸಲಿಕ್ಕೂ ಅನುಕೂಲ. ಆಲ, ಅರಳಿ, ಅತ್ತಿಗಳನ್ನು ಮನೆಯಿಂದ ೫೦ ಅಡಿಯ ಒಳಗೆ ಎಂದಿಗೂ ಬೆಳೆಯಗೊಡಬಾರದು. ಹಕ್ಕಿಯ ಹಿಕ್ಕೆಯಿಂದ ಕುಂಬಿಯ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಪಾಪಭೀತಿಯಿಂದ ಕೀಳದೆ ಬಿಟ್ಟು, ಮನೆಯನ್ನೇ ಕಳೆದುಕೊಂಡವರುಂಟು. ಅದನ್ನು ಎಳೆಯದಿರುವಾಗಲೇ ಬೇರುಸಹಿತ ತೆಗೆದು ಊರಕಟ್ಟೆಯಲ್ಲಿ ನೆಟ್ಟರೆ ಪಾಪವೂ ಇಲ್ಲ, ನಷ್ಟವೂ ಇಲ್ಲ. ತೆಂಗಿನ ಗರಿ, ಕಾಯಿಗಳು ಮಾಳಿಗೆಯ ಮೇಲೆ ಬೀಳದಷ್ಟು ದೂರದಲ್ಲಿ ತೆಂಗಿರಲಿ. ನುಗ್ಗೆಯ ಕೊಂಬೆ ಬಹು ಪೆಡಸು. ಗಾಳಿಗೆ ಮುರಿದು ಬೀಳುವುದರಿಂದ ಅಡಿಗೆಮನೆಗೆ ಸಮೀಪವಾಗಿ, ಆದರೆ ಮಕ್ಕಳು ಆಡುವ ಸ್ಥಳಕ್ಕೆ ದೂರವಾಗಿ ಅದನ್ನು ಬೆಳೆಸಿ, ವರ್ಷಕ್ಕೊಮ್ಮೆ ಎದೆಯೆತ್ತರಕ್ಕೆ ಕಡಿಸುತ್ತಿರಬೇಕು.

ಈಗ ನೀರು. ೩೦ ಅಡಿ ಅಗಲ, ೪೦ ಅಡಿ ಉದ್ದದ ಮಾಳಿಗೆಯ ಮೇಲೆ ವರ್ಷದಲ್ಲಿ ೫೦೦ ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ೫೫,೦೦೦ ಲೀಟರ್ ನೀರಾಗುತ್ತದೆ. ಕಾಂಕ್ರೀಟಿನ ಮಾಳಿಗೆಯಾದರೆ, ಕಾಲು ಭಾಗ ಆರಿ ಹೋಯಿತೆಂದು ಬಿಟ್ಟರೂ ೪೦,೦೦೦ ಲೀಟರ್ ಉಳಿಯಿತು. ಇದೆಲ್ಲವನ್ನೂ ಕೂಡಿಡುವುದು ಸಾಮಾನ್ಯ ಗೃಹಸ್ಥನಿಗೆ ಸಾಧ್ಯವಲ್ಲ, ಅವಶ್ಯವೂ ಅಲ್ಲ. ೧೦ ಅಡಿ ಉದ್ದ, ೬ ಅಡಿ ಅಗಲ, ೬ ಅಡಿ ಆಳದ ತೊಟ್ಟಿಯಲ್ಲಿ ೧೦,೦೦೦ ಲೀಟರ್ ಹಿಡಿಯುತ್ತದೆ. ನಿಂಬೆ, ದಾಳಿಂಬೆ, ಪೇರಲ ಮೊದಲಾದ ಹತ್ತು ಎಳೆಯ ಗಿಡಗಳಿಗೆ ಫೆಬ್ರವರಿಯಿಂದ ಮೇ ಕೊನೆಯವರೆಗೆ ವಾರಕ್ಕೆರಡು ಸಲ ೨೦ ಲೀಟರಿನಂತೆ ಕೊಟ್ಟರೂ ೭,೦೦೦ ಲೀಟರಿನೊಳಗೆ ಮುಗಿಯುತ್ತದೆ. ತೊಟ್ಟಿಯನ್ನು ತುಂಬಿದ ಮೇಲಿನ ನೀರನ್ನು ಹಿತ್ತಲಿನ ಇಂಗುಗುಂಡಿಗೆ ಬಿಡಬೇಕು. ಅಕ್ಕಪಕ್ಕದ ಬಾವಿಗೆ ಅದರಿಂದ ಉಪಕಾರವುಂಟು. ಮಳೆಯ ನೀರಿನಲ್ಲಿ ಉಪ್ಪಿಲ್ಲ, ಫ್ಲೋರೈಡಿಲ್ಲ. ಆಳದ ಕೊಳವೆಬಾವಿಯ ಉಪ್ಪುನೀರನ್ನು ಕುಡಿದ ಗಿಡಗಳ ಎಲೆಯ ತುದಿ ಸುಟ್ಟಂತೆ ಕಾಣುವುದನ್ನು ಬಹುಜನ ರೋಗವೆಂದು ಭಾವಿಸಿ ಔಷಧವನ್ನು ಹೊಡೆಯುತ್ತಾರೆ. ತೊಟ್ಟಿಗೆ ಮುಚ್ಚಳ ಭದ್ರವಾಗಿರಲಿ. ತೆರೆದಿಟ್ಟ ತಿಳಿನೀರಿನಲ್ಲಿಯೇ ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮಣ್ಣಿನ ಮಾಳಿಗೆಯ ನೀರು ಕದಡಿರುವುದರಿಂದ ಅದನ್ನು ತೊಟ್ಟಿಗೆ ಬಿಡುವ ಬದಲು ನೇರವಾಗಿ ಮರಗಳ ಕಡೆಗೆ ತಿರುಗಿಸುವುದೇ ಸುಲಭ: ದೋಣಿಯ ಕೆಳಗೆ ಒಂದು ಚಪ್ಪಡಿಯಿಟ್ಟು, ಅಲ್ಲಿಂದ ಕಲ್ಲಿನ ಕಾಲುವೆಯೊಂದನ್ನು ಹಿತ್ತಲಿಗೆ ಒಯ್ದರಾಯಿತು. ಮಳೆ ಬರುವಾಗ ಆ ಕಲ್ಲಿನ ಕಾಲುವೆಯಲ್ಲಿ ನೀರು ಹರಿಯುವುದನ್ನು ಮಕ್ಕಳು ನೋಡಿ ಸಂತೋಷಿಸುತ್ತಾರೆ. ಯಾವ ಕಾರಂಜಿಯೂ ಅದಕ್ಕಿಂತ ಹೆಚ್ಚಿನದಲ್ಲ.

ಬಚ್ಚಲಿನ ನೀರು ಮಳೆಯಂತೆ ವರ್ಷಕ್ಕೆ ನಾಲ್ಕು ತಿಂಗಳದ್ದಲ್ಲ, ದಿನದಿನದ್ದು. ಐದು ಜನರ ಮನೆಯಲ್ಲಿ ಸ್ನಾನದ್ದೂ ಪಾತ್ರೆ ತೊಳೆದದ್ದೂ ಸೇರಿ ಐದಾರು ಕೊಡಗಳಾದರೂ ಹೊರಗೆ ಹೋಗುತ್ತವೆ. ಇದು ಬೀದಿಯ ಚರಂಡಿಗೆ ಸೇರಿದರೆ ಸೊಳ್ಳೆ, ನೆರೆಯವರೊಡನೆ ಜಗಳ. ಹಿತ್ತಲಿಗೆ ತಿರುಗಿಸಿದರೆ ಬಾಳೆ, ತೆಂಗು, ಕೆಸವು, ಹೂವು. ಹಿಂದೆ ಪಾತ್ರೆಗೆ ಬೂದಿಯನ್ನೂ ಮೈಗೆ ಸೀಗೆಯನ್ನೂ ಬಳಸುತ್ತಿದ್ದಾಗ ಈ ನೀರಿನಿಂದ ನೆಲಕ್ಕೆ ಕೇಡಿರಲಿಲ್ಲ. ಈಗಿನ ಬಟ್ಟೆಯ ಪುಡಿಗಳಲ್ಲಿ ಸೋಡಿಯಂ ಹೆಚ್ಚು. ಒಂದೇ ಸ್ಥಳದಲ್ಲಿ ವರ್ಷಗಟ್ಟಲೆ ಬಿದ್ದರೆ, ಅದರಲ್ಲಿಯೂ ಎರೆಯಲ್ಲಿ, ಮಣ್ಣು ಗಟ್ಟಿಯಾಗಿ ಚೌಳಾಗುತ್ತದೆ. ಆದುದರಿಂದ ಬಟ್ಟೆ ಒಗೆದ ನೀರನ್ನು ಬೇರೆ ಮಾಡಿ ಬೇಲಿಯ ಗಿಡಗಳಿಗೆ ಬಿಡುವುದು, ಉಳಿದ ನೀರನ್ನು ಮರಳು ಜಲ್ಲಿಗಳ ಗುಂಡಿಯ ಮೂಲಕ ಹಾಯಿಸಿ ಎರಡು ಮೂರು ಪಾತಿಗಳಿಗೆ ಸರದಿಯಿಂದ ತಿರುಗಿಸುವುದು ಒಳ್ಳೆಯದು. ಹಸಿಯಾಗಿ ತಿನ್ನತಕ್ಕ ಸೊಪ್ಪುತರಕಾರಿಗೆ ಇದನ್ನು ಹಾಕಕೂಡದು. ಇನ್ನೊಂದು ಸಂಗತಿಯನ್ನು ಮನೆಯ ಯಜಮಾನರು ತಿಳಿದಿರಬೇಕು: ಹಿತ್ತಲಿಗೆ ನೀರು ಹೊರುವವರು ಯಜಮಾನರಲ್ಲ, ಮನೆಯ ಹೆಣ್ಣುಮಕ್ಕಳು. ದಿನವೂ ನೀರು ಬೇಡುವ ಕರಿಬೇವು, ತರಕಾರಿ, ಹೂವುಗಳು ಬಚ್ಚಲಿಗೆ ಹತ್ತಿರವಾಗಿಯೂ, ಬೇರೂರಿದ ಮೇಲೆ ಮಳೆಯನ್ನೇ ನಂಬಿ ಬದುಕುವ ಸೀತಾಫಲ, ನೆಲ್ಲಿ, ಬೋರೆ, ಬಿಲ್ವಪತ್ರೆಗಳು ದೂರವಾಗಿಯೂ ಇದ್ದರೆ ಆ ಶ್ರಮ ಅರ್ಧಕ್ಕಿಳಿಯುತ್ತದೆ. ತಿಪ್ಪೆಯು ಗಾಳಿಗೆ ಕೆಳಮಗ್ಗುಲಾದ ಈಶಾನ್ಯಕ್ಕೆ ಬಂದರೆ ಮನೆಗೆ ವಾಸನೆ ಬಾರದು. ಅದು ದೇವಮೂಲೆಯೆಂದು ಆಕ್ಷೇಪಿಸುವವರು ನೇರ ಪೂರ್ವಕ್ಕೆ ಸರಿಸಿಕೊಳ್ಳಬಹುದು. ಗಾಳಿಗೂ ಶಾಸ್ತ್ರಕ್ಕೂ ಅಷ್ಟರಲ್ಲಿ ರಾಜಿಯಾಗುತ್ತದೆ.

ಮುಂದುಗಡೆ ಹೆಚ್ಚೇನೂ ಬೇಡ. ಕಟ್ಟೆಯ ಒಂದು ಕೊನೆಗೆ ನೆರಳು ಬೀಳುವಂತೆ ಒಂದು ಮರ, ಬಾಗಿಲಿನ ಎದುರಿಗೆ ತುಳಸಿ, ಕಂಬಕ್ಕೆ ಹಬ್ಬಿದ ಒಂದು ಮಲ್ಲಿಗೆಯ ಬಳ್ಳಿ; ಇಷ್ಟಾದರೆ ಎಂಥ ದೊಡ್ಡ ವಾಡೆಗೂ ಸಾಲುತ್ತದೆ. ಉದ್ದವಾಗಿ ತಗ್ಗಾಗಿ ಹಬ್ಬಿದ ಮಾಳಿಗೆಯ ಮನೆಯ ಸೊಗಸಿರುವುದು ಅದರ ನೇರವಾದ ಕುಂಬಿಯ ಗೆರೆಯಲ್ಲಿ. ಮುಂದೆ ಎತ್ತರದ ಗಿಡಗಳ ಸಾಲನ್ನು ನಿಲ್ಲಿಸಿದರೆ ಆ ಗೆರೆ ತುಂಡುತುಂಡಾಗಿ ಕಾಣುತ್ತದೆ. ಹರಡಿ ಬೆಳೆಯುವ ಒಂದೇ ಬೇವು ಒಂದು ಪಕ್ಕಕ್ಕೆ ನಿಂತರೆ ಮನೆಯೂ ಮರವೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ಎರಡು ಮೂರು ಅಂತಸ್ತಿನ ಕಾಂಕ್ರೀಟಿನ ಮನೆಗೆ ಇದು ಸಾಲದು. ಅಂಥ ಮನೆಯ ಪಶ್ಚಿಮದ ಗೋಡೆಗೆ ಎರಡು ಅಡಿ ಬಿಟ್ಟು ಕಲ್ಲುಕಂಬ ತಂತಿಗಳ ಹಂದರವನ್ನು ನಿಲ್ಲಿಸಿ ಬಳ್ಳಿಯನ್ನು ಹಬ್ಬಿಸಬಹುದು. ಬಳ್ಳಿಯ ಬೇರನ್ನು ಮಾತ್ರ ಮೊದಲು ಹೇಳಿದ ಮೂರು ಅಡಿಯ ಹೊರಗಿನಿಂದಲೇ ತರಬೇಕು. ಮೇಲ್ಮಾಳಿಗೆಯಲ್ಲಿ ಮಣ್ಣು ತುಂಬಿದ ದೊಡ್ಡ ಕುಂಡಗಳನ್ನು ಇಡತಕ್ಕವರು ಅವುಗಳನ್ನು ತೊಲೆಯ ನೇರಕ್ಕೆ ಇಡುವುದಲ್ಲದೆ, ಮಾಳಿಗೆಯ ನಡುಭಾಗಕ್ಕೆ ಭಾರ ಹಾಕಬಾರದು.

ಹೂವಿನ ವಿಷಯವನ್ನು ಈ ಸೀಮೆಯವರಿಗೆ ಹೇಳಿಕೊಡುವುದು ಹಡಗಲಿಯ ಸಂತೆಗೆ ಮಲ್ಲಿಗೆಯನ್ನು ಒಯ್ದಂತಾದೀತು. ಹಡಗಲಿ ಮಲ್ಲಿಗೆಯು ಮೈಸೂರು, ಉಡುಪಿ ಮಲ್ಲಿಗೆಗಳೊಡನೆ ಭೌಗೋಳಿಕ ಗುರುತನ್ನು ಪಡೆದ ಹೂವು. ಹಿತ್ತಲಿನಲ್ಲಿ ನಾಲ್ಕು ಬುಡಗಳಿದ್ದರೆ ಮನೆಯ ಪೂಜೆಗೂ ಮುಡಿಗೂ ಆಗಿ ಮಿಗುತ್ತದೆ. ಚಳಿಗಾಲದಲ್ಲಿ ಕತ್ತರಿಸಿ, ಗೊಬ್ಬರ ಕೊಟ್ಟು, ಬಚ್ಚಲಿನ ನೀರನ್ನು ತಿರುಗಿಸಿದರೆ ಬೇಸಗೆಗೆ ಹೂಬಿಡುತ್ತದೆ. ಅದನ್ನು ಮಲಗುವ ಕೋಣೆಯ ಕಿಟಕಿಗೆ ಗಾಳಿ ಬರುವ ದಿಕ್ಕಿನಲ್ಲಿ ನೆಡುವುದನ್ನು ಮರೆಯಬಾರದು. ೧೯೦೮ರಿಂದ ೧೯೩೨ರವರೆಗೆ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರು. ಅದೇ ಕ್ರಮವನ್ನು ಹಿತ್ತಲಿಗೂ ತರಬಹುದು. ಯುಗಾದಿಗೆ ಬೇವಿನ ಹೂವು ಇದ್ದೇ ಇದೆ, ಅದರ ಹಿಂದೆ ಹೊಂಗೆ, ಮಲ್ಲಿಗೆ, ಮಳೆಗಾಲ ಮುಗಿಯುತ್ತಿರುವಾಗ ಪಾರಿಜಾತ, ದಸರೆ ದೀಪಾವಳಿಗಳಿಗೆ ಚೆಂಡುಹೂವು, ಚಳಿಗೆ ಸೇವಂತಿಗೆ, ವರ್ಷವೆಲ್ಲ ದಾಸವಾಳ, ನಂದಿಬಟ್ಟಲು. ಕಣಗಿಲೆಯು ನೀರಿಲ್ಲದೆಯೂ ಹೂಬಿಡುವುದಾದರೂ ಅದರ ಎಲೆ, ಕಡ್ಡಿ, ಹೂವು ಎಲ್ಲವೂ ವಿಷ; ದನ ಕಟ್ಟುವ ಕಡೆಗೂ ಸಣ್ಣ ಮಕ್ಕಳಿರುವ ಮನೆಗೂ ಅದು ಬೇಡ.

ಬೇ‍ಲಿಗೆ ಬಳ್ಳಾರಿ ಜಾಲಿಯನ್ನು ನೆಡುವವರು ತಮ್ಮ ಹಿತ್ತಲನ್ನಲ್ಲದೆ ನೆರೆಯವರ ಹೊಲವನ್ನೂ ಅದಕ್ಕೆ ಬರೆದುಕೊಟ್ಟಂತೆ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಗಿಡ. ಒಮ್ಮೆ ಬೇರೂರಿದರೆ ಕೀಳುವುದು ದುಸ್ತರ. ಕಲ್ಲು ಸಿಕ್ಕುವ ಕಡೆ ಒಣಕಲ್ಲಿನ ಗೋಡೆಯೇ ಉತ್ತಮ. ಅದರ ಒಳಮಗ್ಗುಲಿಗೆ ಮದರಂಗಿ, ಲಕ್ಕಿ, ಹೊನ್ನಾವರಿಕೆಗಳನ್ನು ಹಾಕಬಹುದು. ಹೊನ್ನಾವರಿಕೆಯನ್ನು ಆಡು ಮುಟ್ಟುವುದಿಲ್ಲ, ಹಳದಿಯ ಹೂವಿನಿಂದ ಅಂದವೂ ಉಂಟು. ಊರಿನ ಗಿಡಗಳಲ್ಲಿ ಸೊಗಸಿಲ್ಲವೆಂದು ತಿಳಿದವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಒಮ್ಮೆ ಹೋಗಿಬರಬೇಕು. ಅಲ್ಲಿ ನೀರಿನ ನಡುವೆ ನಿಂತಿರುವುದು ಕರಿಜಾಲಿಯ ಮರಗಳು. ಅವುಗಳ ಮೇಲೆ ಸಹಸ್ರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ಆ ಕೆರೆಯು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಯಿತು. ಗುಡೇಕೋಟೆಯ ಕರಡಿಧಾಮದ ಅಂಚಿನ ಊರುಗಳವರಿಗೆ ಮಾತ್ರ ಒಂದು ಎಚ್ಚರಿಕೆ: ಸೀತಾಫಲ ಮೊದಲಾದ ಹಣ್ಣಿನ ಗಿಡಗಳನ್ನು ಮನೆಗೆ ತಾಗಿದಂತೆ ನೆಡಬಾರದು, ಮಾಗಿದ ಹಣ್ಣನ್ನು ರಾತ್ರಿ ನೆಲದಲ್ಲಿ ಬಿಡಬಾರದು.

ಈ ಕೆಲಸಕ್ಕೆ ಕಾಲವನ್ನು ಹಿಂದಿನಿಂದ ಎಣಿಸಿಕೊಳ್ಳಬೇಕು. ಒಂದು ವರ್ಷದ ಮಳೆಗಾಲದಲ್ಲಿ ಏನನ್ನೂ ನೆಡದೆ, ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಗೂಟ ಹೊಡೆದಿಟ್ಟುಕೊಳ್ಳುವುದು ಮೇಲು. ಮುಂದಿನ ಬೇಸಗೆಯಲ್ಲಿ, ಏಪ್ರಿಲ್ ಕೊನೆಯ ಒಂದು ಸಂಜೆ ನಾಲ್ಕು ಗಂಟೆಗೆ ಪಶ್ಚಿಮದ ಗೋಡೆಯ ಎದುರಿಗೆ ೨೫ ಅಡಿಯ ಬಿದಿರಿನ ಗಳವನ್ನು ನಿಲ್ಲಿಸಿ, ಅದರ ನೆರಳು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆಂದು ಗುರುತು ಮಾಡಿಕೊಂಡರೆ ಮರದ ಸ್ಥಳ ತಾನಾಗಿ ಗೊತ್ತಾಗುತ್ತದೆ. ಅದೇ ವೈಶಾಖದಲ್ಲಿ ಮೂರು ಅಡಿ ಚೌಕ, ಮೂರು ಅಡಿ ಆಳದ ಗುಣಿಗಳನ್ನು ತೋಡಿ ಬಿಸಿಲಿಗೆ ಬಿಡಬೇಕು. ಕೆರೆ ಬತ್ತಿರುವ ಆ ದಿನಗಳಲ್ಲಿಯೇ, ಗ್ರಾಮ ಪಂಚಾಯತಿಯ ಅನುಮತಿಯನ್ನು ಪಡೆದು, ಗೋಡನ್ನು ತಂದು ಗೊಬ್ಬರದೊಡನೆ ತುಂಬಬೇಕು. ಮೃಗಶಿರಾ ಮಳೆ ನೆಲವನ್ನು ಒಂದು ಮೊಳ ನೆನೆಸಿದ ಮೇಲೆ ಬೇವು ಹೊಂಗೆಗಳನ್ನೂ ಬೇಲಿಯ ಗಿಡಗಳನ್ನೂ ನೆಡಬಹುದು. ನಡುವೆ ಮಳೆ ಕೈಕೊಡುವುದು ಇಲ್ಲಿ ಸಾಮಾನ್ಯವಾದುದರಿಂದ ಹಣ್ಣಿನ ಕಸಿಗಿಡಗಳನ್ನು ಹುಬ್ಬೆಯವರೆಗೆ ತಡೆದು ನೆಡುವುದು ಕ್ಷೇಮ. ನೆಟ್ಟ ಸಸಿಗೆ ಮೊದಲ ಎರಡು ಬೇಸಗೆ ಆಡಿನಿಂದ ರಕ್ಷಣೆಗೆ ಮುಳ್ಳಿನ ಗೂಡೂ, ಬುಡಕ್ಕೆ ಒಣಸೊಪ್ಪಿನ ಹೊದಿಕೆಯೂ ಅವಶ್ಯ. ಮೂರನೆಯ ಬೇಸಗೆಗೆ ಬೇವು ನೀರನ್ನು ಕೇಳುವುದಿಲ್ಲ.